ತೂತು ಎಲ್ಲಿದೆ ಎಂದು ಕೇಳದ ಕಂಪ್ಯೂಟರ್

ಬೆಳಗಾವಿಯ ಉದ್ಯಮಬಾಗದಲ್ಲಿ, ಪಂಪು ಮತ್ತು ವಾಲ್ವುಗಳಿಗೆ ಬೇಕಾಗುವ ಬೀಡುಕಬ್ಬಿಣದ ಎರಕಗಳನ್ನು ತಯಾರಿಸುವ ಒಂದು ಫೌಂಡ್ರಿಯಲ್ಲಿ ನಾನು ಗುಣಮಟ್ಟ ವಿಭಾಗದ ಎಂಜಿನಿಯರ್. ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ಓದಿದ್ದೆನೆಂಬ ಒಂದೇ ಕಾರಣಕ್ಕೆ, ಕೆಲವು ವರ್ಷಗಳ ಹಿಂದೆ ನಮ್ಮ ಮಾಲೀಕರು ನನ್ನನ್ನು ಕರೆದು ಒಂದು ಹೆಚ್ಚುವರಿ ಕೆಲಸವನ್ನು ಒಪ್ಪಿಸಿದರು. ಕರಗಿದ ಲೋಹ ಸುರಿಯುವ ಉಸುಕಿನ ಅಚ್ಚುಗಳನ್ನು, ಅಂದರೆ ಮೌಲ್ಡುಗಳನ್ನು ಮಾಡುವ ಮೌಲ್ಡಿಂಗ್ ವಿಭಾಗದ ಹಿರಿಯ ಮಿಸ್ತ್ರಿಯವರು ನಿವೃತ್ತಿಯ ಅಂಚಿನಲ್ಲಿದ್ದರು. ಕೆಟ್ಟ ಎರಕವೊಂದನ್ನು ಕೈಗೆ ಕೊಟ್ಟರೆ, ಅದನ್ನು ನಾಲ್ಕು ಸಲ ತಿರುವಿ ನೋಡಿ ದೋಷ ಎಲ್ಲಿಂದ ಬಂತೆಂದು ಹೇಳಬಲ್ಲವರು ಅವರೊಬ್ಬರೇ. ಅವರ ತಲೆಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಬೇಕೆಂಬುದು ಮಾಲೀಕರ ಅಪೇಕ್ಷೆ. ಮೂರು ತಿಂಗಳ ಕೆಲಸವೆಂದು ನಾನು ಒಪ್ಪಿಕೊಂಡೆ; ಅದು ಎರಡು ಮಳೆಗಾಲಗಳನ್ನು ನುಂಗಿತು.

ಇಂಥ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯಲ್ಲಿರುವ ಹಳೆಯ ಉಪಾಯವೇ ಎಕ್ಸ್‌ಪರ್ಟ್ ಸಿಸ್ಟಮ್, ಅಂದರೆ ತಜ್ಞ ವ್ಯವಸ್ಥೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ವಿಷಯದ ತಿಳಿವಳಿಕೆ ಮತ್ತು ಅದನ್ನು ಬಳಸುವ ಕ್ರಮ ಚಾಪೆಯ ಹಾಸುಹೊಕ್ಕಿನಂತೆ ಹೆಣೆದುಕೊಂಡಿರುತ್ತವೆ. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ತಜ್ಞ ವ್ಯವಸ್ಥೆಯಲ್ಲಿ ಇವೆರಡನ್ನೂ ಬೇರೆ ಮಾಡಲಾಗುತ್ತದೆ. ‘ಹೀಗಿದ್ದರೆ ಹೀಗೆ’ ಎಂಬ ರೂಪದ ನಿಯಮಗಳೆಲ್ಲ ಜ್ಞಾನಭಂಡಾರದಲ್ಲಿರುತ್ತವೆ. ಈ ಹೊತ್ತಿನ ಪ್ರಕರಣದ ಸಂಗತಿಗಳು, ಅಂದರೆ ಇಂದಿನ ಉಸುಕಿನ ತೇವಾಂಶ, ಲೋಹ ಸುರಿದಾಗಿನ ಶಾಖ, ಕಂಡ ದೋಷ ಇತ್ಯಾದಿಗಳು ಮತ್ತೊಂದು ಕಡೆ ಇರುತ್ತವೆ. ಇವೆರಡನ್ನೂ ಹೊಂದಿಸಿ ತೀರ್ಮಾನಕ್ಕೆ ಬರುವ ತರ್ಕಯಂತ್ರಕ್ಕೆ ಎರಕದ ಬಗ್ಗೆ ಏನೂ ತಿಳಿದಿರುವುದಿಲ್ಲ. ಅದಕ್ಕೆ ತಿಳಿದಿರಬೇಕಾಗಿಯೂ ಇಲ್ಲ.

ಈ ವಿಂಗಡಣೆ ಎಷ್ಟು ಗಟ್ಟಿಯಾದದ್ದೆಂಬುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸವೇ ಸಾಕ್ಷಿ. ಅಲ್ಲಿ 1965ರಲ್ಲಿ ಎಡ್ವರ್ಡ್ ಫೈಗೆನ್‌ಬಾಮ್ ಮತ್ತು ಜೋಶುವಾ ಲೆಡರ್‌ಬರ್ಗ್ ಅವರು ರಾಸಾಯನಿಕ ಅಣುಗಳ ರಚನೆಯನ್ನು ಊಹಿಸುವ ಡೆಂಡ್ರಲ್ ಎಂಬ ಪ್ರೋಗ್ರಾಮನ್ನು ಆರಂಭಿಸಿದರು. 1970ರ ದಶಕದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಅವರು ರಕ್ತದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿ ಔಷಧವನ್ನು ಸೂಚಿಸುವ ಮೈಸಿನ್ ಅನ್ನು ರೂಪಿಸಿದರು. ಮೈಸಿನ್‌ನಿಂದ ವೈದ್ಯಕೀಯ ನಿಯಮಗಳನ್ನು ತೆಗೆದುಹಾಕಿ ಉಳಿದ ಖಾಲಿ ಚೌಕಟ್ಟಿಗೆ ಇಮೈಸಿನ್ ಎಂದು ಹೆಸರಿಟ್ಟು, ಅದೇ ಚೌಕಟ್ಟಿನಲ್ಲಿ ಶ್ವಾಸಕೋಶದ ಪರೀಕ್ಷೆಗಳ ನಿಯಮಗಳನ್ನು ತುಂಬಿದಾಗ ಪಫ್ ಎಂಬ ಬೇರೆಯೇ ವ್ಯವಸ್ಥೆ ಸಿದ್ಧವಾಯಿತು. ಬಲವಿರುವುದು ತರ್ಕಿಸುವ ಜಾಣ್ಮೆಗಿಂತ ಹೆಚ್ಚಾಗಿ ತುಂಬಿದ ಜ್ಞಾನದಲ್ಲಿ ಎಂಬುದು ಫೈಗೆನ್‌ಬಾಮ್ ಅವರ ನಿಲುವಾಗಿತ್ತು. ಓದುವಾಗ ಈ ಮಾತಿಗೆ ತಲೆಯಾಡಿಸಿದ್ದ ನಾನು, ಕೆಲಸಕ್ಕೆ ಕುಳಿತಾಗ ಮಾತ್ರ ಬಹುಪಾಲು ಸಮಯವನ್ನು ತರ್ಕಯಂತ್ರದ ಮೇಲೆಯೇ ಕಳೆದೆ.

ತಜ್ಞ ವ್ಯವಸ್ಥೆಯನ್ನು ಕಟ್ಟಲು ನಾನು ಆರಿಸಿಕೊಂಡ ಸಾಫ್ಟ್‌ವೇರ್ ಸಾಧನ ಕ್ಲಿಪ್ಸ್. ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ 1985ರಲ್ಲಿ ಹುಟ್ಟಿದ ಈ ಸಾಧನವನ್ನು ಈಗ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇದರ ಸಹಜ ನಡೆ ಮುಮ್ಮುಖ ತರ್ಕ: ಸಂಗತಿಗಳಿಂದ ಹೊರಟು ತೀರ್ಮಾನದ ಕಡೆಗೆ ಸಾಗುವುದು. ಬೆಳಗಿನ ಉಸುಕಿನ ಪರೀಕ್ಷೆಯ ಅಂಕಿಗಳನ್ನು ಕೊಟ್ಟರೆ ‘ಇಂದು ಜಾಗ್ರತೆ’ ಎಂದು ಎಚ್ಚರಿಸಲು ಇದು ಹೇಳಿಮಾಡಿಸಿದಂತಿದೆ. ಆದರೆ ದೋಷ ಕಂಡ ಮೇಲೆ ಕಾರಣವನ್ನು ಹುಡುಕುವ ಕೆಲಸಕ್ಕೆ ಮೈಸಿನ್ ಅನುಸರಿಸಿದ ಹಿಮ್ಮುಖ ತರ್ಕವೇ ಹೆಚ್ಚು ಹೊಂದುತ್ತದೆ: ಒಂದು ಕಾರಣವನ್ನು ಊಹಿಸಿಕೊಂಡು, ಅದು ನಿಜವಾಗಬೇಕಾದರೆ ಇನ್ನೇನು ನಿಜವಾಗಿರಬೇಕೆಂದು ಹಿಂದೆ ಸರಿಯುತ್ತ, ಬೇಕಾದ ಪ್ರಶ್ನೆಗಳನ್ನಷ್ಟೇ ಕೇಳುವುದು. ಕ್ಲಿಪ್ಸ್‌ನಲ್ಲಿ ಇದನ್ನು ಕೈಯಾರೆ ಕಟ್ಟಿಕೊಳ್ಳಬೇಕಾಯಿತು. ನನ್ನ ಮೊದಲ ಎರಡು ತಿಂಗಳು ಹೋದದ್ದು ಅಲ್ಲಿಯೇ, ಮತ್ತು ಆ ಶ್ರಮದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ನಿಯಮಗಳ ಬಹುಭಾಗವನ್ನು ಎರಕದ ದೋಷಗಳ ಪಠ್ಯಪುಸ್ತಕಗಳಿಂದ ತೆಗೆದುಕೊಂಡೆ. ಉಳಿದವು ಮಿಸ್ತ್ರಿಯವರೊಂದಿಗೆ, ನಾನು ಕಾಕಾ ಎಂದೇ ಕರೆಯುತ್ತಿದ್ದ ಅವರೊಂದಿಗೆ, ಆಫೀಸಿನಲ್ಲಿ ಕುಳಿತು ನಡೆಸಿದ ಮಾತುಕತೆಯಿಂದ ಬಂದವು. ಬ್ಲೋಹೋಲ್, ಅಂದರೆ ಎರಕದಲ್ಲಿ ಅನಿಲದಿಂದಾಗುವ ತೂತು, ಯಾಕೆ ಬರುತ್ತದೆಂದು ನಾನು ಕೇಳುತ್ತಿದ್ದೆ, ಉಸುಕು ಹಸಿಯಾದರೆ ಬರುತ್ತದೆಂದು ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮಾತು ಸುಳ್ಳೇನಲ್ಲ. ಮೌಲ್ಡಿನ ಹಸಿ ಉಸುಕಿನಲ್ಲಿ ಸಾಮಾನ್ಯವಾಗಿ ಶೇಕಡಾ 3ರಿಂದ 4ರಷ್ಟು ನೀರಿರುತ್ತದೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದ ಬೀಡುಕಬ್ಬಿಣ ಅದರ ಮೇಲೆ ಬಿದ್ದಾಗ ಆ ನೀರು ಆವಿಯಾಗಿ ತನ್ನ ಗಾತ್ರದ ಸಾವಿರದಾರುನೂರು ಪಟ್ಟಿನಷ್ಟು ಹಿಗ್ಗುತ್ತದೆ. ಆ ಆವಿಗೆ ಉಸುಕಿನ ಸಂದುಗಳಲ್ಲಿ ಹೊರದಾರಿ ಸಿಗದಿದ್ದರೆ ಅದು ಲೋಹದೊಳಗೆ ನುಗ್ಗಿ ಗುಳ್ಳೆಯಾಗಿ ನಿಲ್ಲುತ್ತದೆ. ನಿಯಮ ಸರಿ, ಭೌತಶಾಸ್ತ್ರವೂ ಸರಿ.

ಆ ವರ್ಷದ ಜುಲೈನಲ್ಲಿ, ಸಹ್ಯಾದ್ರಿಯ ಮಳೆ ಊರಿನ ಮೇಲೆ ವಾರಗಟ್ಟಲೆ ಬಿಡದೆ ಸುರಿಯುತ್ತಿದ್ದಾಗ, ಒಂದು ಪಂಪಿನ ಬಾಡಿಯ ಲಾಟ್ ಗ್ರಾಹಕರ ಮಶಿನ್ ಶಾಪಿನಿಂದ ವಾಪಸು ಬಂತು. ಬೋರಿಂಗ್ ಮಾಡಿದಾಗ ಒಳಗಿನ ತೂತುಗಳು ಬಾಯಿ ತೆರೆದಿದ್ದವು. ಕಾಕಾ ನಾಟಿಯ ಕೆಲಸಕ್ಕೆಂದು ಖಾನಾಪುರದ ಕಡೆಯ ತಮ್ಮ ಹಳ್ಳಿಗೆ ರಜೆಯ ಮೇಲೆ ಹೋಗಿದ್ದರು. ಕಂಪ್ಯೂಟರಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲವೆಂದುಕೊಂಡು ದೋಷದ ಹೆಸರು ಮತ್ತು ಉಸುಕಿನ ತೇವಾಂಶವನ್ನು ನಮೂದಿಸಿದೆ. ತೇವಾಂಶ ಮಿತಿಗಿಂತ ತುಸು ಮೇಲಿತ್ತು. ಉಸುಕಿನ ನೀರೇ ಕಾರಣವೆಂದು ವ್ಯವಸ್ಥೆ ಬಲವಾದ ನಂಬಿಕೆಯಿಂದ ಹೇಳಿತು. ನೀರು ಕಡಿಮೆ ಮಾಡಿಸಿದೆವು. ತೂತುಗಳು ಹಾಗೆಯೇ ಬಂದವು. ಅದರ ಮೇಲೆ, ಒಣಗಿದ ಉಸುಕು ಮೌಲ್ಡಿನ ಅಂಚುಗಳಲ್ಲಿ ಉದುರಿ ಎರಕದೊಳಗೆ ಸೇರಿ, ಇಲ್ಲದ ಇನ್ನೊಂದು ದೋಷವೂ ಶುರುವಾಯಿತು. ಎರಡು ಶಿಫ್ಟುಗಳ ಮಾಲು ಮತ್ತೆ ಕುಲುಮೆಗೆ ಹೋಯಿತು.

ರಜೆ ಮುಗಿಸಿ ಬಂದ ಕಾಕಾ, ಕತ್ತರಿಸಿದ ಒಂದು ತುಂಡನ್ನು ಎತ್ತಿಕೊಂಡು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೋಡೆ ನುಣುಪಾಗಿ ಹೊಳೆಯುತ್ತಿತ್ತು. ಅಂದರೆ ಅದು ಅನಿಲದ ತೂತೇ ಹೊರತು ಲೋಹ ಕುಗ್ಗಿ ಆದ ಒರಟು ಗೋಡೆಯ ತೂತಲ್ಲ. ಅಲ್ಲಿಯವರೆಗೆ ಕಂಪ್ಯೂಟರಿನದೂ ತಪ್ಪಿರಲಿಲ್ಲ. ಆಮೇಲೆ ಅವರು ಕೇಳಿದರು: “ತೂತು ಎಲ್ಲಿ ಬಿದ್ದಾವು ಅಂತ ನಿಮ್ಮ ಕಂಪ್ಯೂಟರ್ ಕೇಳೇ ಇಲ್ಲಲ್ರೀ ಸಾಹೇಬ್ರ?”

ಕೇಳಿರಲಿಲ್ಲ. ಎರಕದೊಳಗೆ ಟೊಳ್ಳು ಉಳಿಯಲೆಂದು ಮೌಲ್ಡಿನೊಳಗೆ ಇಡುವ ಗಟ್ಟಿ ಉಸುಕಿನ ಅಚ್ಚೇ ಕೋರು. ತೂತುಗಳೆಲ್ಲ ಆ ಕೋರಿಗೆ ತಾಗಿದ ಒಳಮೈಯಲ್ಲಿದ್ದವು; ಮೌಲ್ಡಿನ ಉಸುಕಿಗೆ ತಾಗಿದ ಹೊರಮೈ ಚೊಕ್ಕವಾಗಿತ್ತು. ಉಸುಕಿನ ನೀರು ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ನಮ್ಮಲ್ಲಿ ಕೋರುಗಳನ್ನು ಸೋಡಿಯಂ ಸಿಲಿಕೇಟ್ ಬೆರೆಸಿದ ಉಸುಕಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡಲಾಗುತ್ತದೆ, ಮತ್ತು ಇಂಥ ಕೋರುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹಿಂದಿನ ವಾರ ಮಾಡಿಟ್ಟ ಕೋರುಗಳು, ಎರಚಲು ಒಳಬರುವ ಪಶ್ಚಿಮದ ಬಾಗಿಲ ಪಕ್ಕದ ರ‍್ಯಾಕಿನಲ್ಲಿ ನಾಲ್ಕೈದು ದಿನ ಕುಳಿತಿದ್ದವು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ನಾನು ಸ್ವಲ್ಪ ಅಸಮಾಧಾನದಿಂದಲೇ ಕೇಳಿದೆ. “ಅದನ್ನ ಹೇಳೂದೇನೈತ್ರಿ, ಕಣ್ಣಿಗೆ ಕಾಣತೈತಲ್ಲ” ಎಂದರು.

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬುದು ಪ್ರಸಿದ್ಧ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ಕ್ರಮ. ಅದನ್ನೇ ತಿರುಗಿಸಿ ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂದರೆ ಸಲ್ಲದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಗೆ ಹಸಿ ಸೌದೆ ಸೇರಿದಾಗ ಮಾತ್ರ ಹೊಗೆ ಬರುತ್ತದೆ. ಹೇಳದೆ ಉಳಿದ ಆ ಹಸಿ ಸೌದೆಯನ್ನು ಶಾಸ್ತ್ರಕಾರರು ‘ಉಪಾಧಿ’ ಎಂದು ಕರೆಯುತ್ತಾರೆ. ನಾನು ಬರೆದುಕೊಂಡ ನಿಯಮಗಳಲ್ಲಿ ಹೆಚ್ಚಿನವು ಉಪಾಧಿಯನ್ನು ಬಿಟ್ಟ ನಿಯಮಗಳಾಗಿದ್ದವು. ಕಾಕಾ ಬಚ್ಚಿಟ್ಟಿರಲಿಲ್ಲ; ಅವರ ಕಣ್ಣು ಮೊದಲೇ ನೋಡಿ ಮುಗಿಸಿಬಿಡುತ್ತಿದ್ದ ಸಂಗತಿ ಅವರ ಬಾಯಿಗೆ ಬರುತ್ತಲೇ ಇರಲಿಲ್ಲ, ಅಷ್ಟೆ. ತಜ್ಞರಿಂದ ಜ್ಞಾನವನ್ನು ಪಡೆಯುವುದೇ ಈ ಕ್ಷೇತ್ರದ ಇಕ್ಕಟ್ಟಾದ ಕೊರಳೆಂದು ಪುಸ್ತಕಗಳು ಹೇಳುತ್ತವೆ. ಅದು ಇಕ್ಕಟ್ಟಾಗಿರುವುದು ತಜ್ಞರ ಕಡೆಯಿಂದಲೋ ಕೇಳುವವನ ಕಡೆಯಿಂದಲೋ ಎಂಬ ಪ್ರಶ್ನೆಗೆ ನನ್ನ ಉತ್ತರ ಅಂದಿನಿಂದ ಬದಲಾಗಿದೆ.

ಆಮೇಲೆ ಆಫೀಸಿನ ಕುರ್ಚಿಯನ್ನು ಬಿಟ್ಟೆ. ರಿಜೆಕ್ಟ್ ಆದ ಎರಕಗಳ ರಾಶಿಯ ಮುಂದೆ ನಿಂತು, ಒಂದೊಂದನ್ನೇ ಅವರ ಕೈಗೆ ಕೊಟ್ಟು, ಅವರು ಏನು ಹೇಳುತ್ತಾರೆಂಬುದಕ್ಕಿಂತ ಮೊದಲು ಏನನ್ನು ನೋಡುತ್ತಾರೆಂಬುದನ್ನು ಬರೆದುಕೊಳ್ಳಲಾರಂಭಿಸಿದೆ. ಬ್ಲೋಹೋಲ್ ಯಾಕೆ ಬರುತ್ತದೆ ಎಂಬ ಪ್ರಶ್ನೆಯ ಬದಲು, ಇದೇ ತೂತು ಮೇಲಿನ ಅರ್ಧದಲ್ಲಿದ್ದಿದ್ದರೆ ಏನನ್ನುತ್ತಿದ್ದಿರಿ, ಇದೇ ದೋಷ ಮಾರ್ಚಿನಲ್ಲಿ ಬಂದಿದ್ದರೆ ಏನನ್ನುತ್ತಿದ್ದಿರಿ ಎಂದು ಕೇಳಿದೆ. ಮಾರ್ಚಿನ ಪ್ರಶ್ನೆಗೆ ಸಿಕ್ಕ ಉತ್ತರ ಯಾವ ಪಠ್ಯಕ್ಕೂ ಕಡಿಮೆಯಿಲ್ಲದ್ದು. ಬೇಸಿಗೆಯಲ್ಲಿ ಮರಳಿ ಬಳಸುವ ಉಸುಕು ಆರುವುದಕ್ಕೆ ಮುಂಚೆಯೇ ಮೌಲ್ಡಿಂಗಿಗೆ ಬಂದುಬಿಡುತ್ತದೆ. ಬಿಸಿ ಉಸುಕಿನಿಂದ ಎದ್ದ ಆವಿ ತಣ್ಣನೆಯ ಕೋರಿನ ಮೇಲೆ ಹನಿಗಟ್ಟುತ್ತದೆ. ಹೀಗಾಗಿ ಪರೀಕ್ಷೆಯಲ್ಲಿ ತೇವಾಂಶ ಸರಿಯಾಗಿಯೇ ಕಂಡರೂ ತೂತು ಬೀಳುತ್ತದೆ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಬೆರಳಿನ ಗುರುತು ಚೂಪಾಗಿ ಮೂಡಿದೆಯೇ, ಮುರಿದಾಗ ಅಂಚು ನಿಲ್ಲುತ್ತದೆಯೇ, ಅಂಗೈಗೆ ಅಂಟುತ್ತದೆಯೇ ಎಂದು ನೋಡುವ ಅವರ ಪರೀಕ್ಷೆಯನ್ನೂ ಪ್ರಶ್ನೆಗಳಾಗಿ ಒಡೆದು ಸೇರಿಸಿದೆ.

ಇನ್ನೊಂದು ತೊಡಕು ಬೇರೆ ದಿಕ್ಕಿನಿಂದ ಬಂತು. ಕುಲುಮೆ ವಿಭಾಗದ ಸೂಪರ್‌ವೈಸರ್ ಪ್ರತಿ ದೋಷಕ್ಕೂ ಉಸುಕನ್ನು ದೂರುತ್ತಿದ್ದರು, ಮೌಲ್ಡಿಂಗಿನವರು ಲೋಹದ ಶಾಖವನ್ನು ದೂರುತ್ತಿದ್ದರು. ಎಲ್ಲ ಫೌಂಡ್ರಿಗಳಲ್ಲೂ ಇದು ಇದ್ದದ್ದೇ. ಇಬ್ಬರ ಮಾತನ್ನೂ ನಿಯಮಗಳಾಗಿ ತೆಗೆದುಕೊಂಡು, ಮೈಸಿನ್‌ನಲ್ಲಿದ್ದಂತೆ ಪ್ರತಿಯೊಂದಕ್ಕೂ ಒಂದು ವಿಶ್ವಾಸಾಂಕವನ್ನು ಕೊಟ್ಟೆ. ಒಂದೇ ಕಾರಣವನ್ನು ಒಂದು ಕುರುಹು 0.6ರಷ್ಟು, ಇನ್ನೊಂದು ಕುರುಹು 0.5ರಷ್ಟು ಬೆಂಬಲಿಸಿದರೆ, ಮೊದಲನೆಯದು ಬಿಟ್ಟ 0.4ರ ಅರ್ಧವನ್ನು ಎರಡನೆಯದು ತುಂಬುತ್ತದೆ; ಒಟ್ಟು 0.8 ಆಗುತ್ತದೆ. ಲೆಕ್ಕ ಸೊಗಸಾಗಿದೆ, ಆದರೆ ಎರಡು ಕುರುಹುಗಳೂ ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಮಾತ್ರ ಅದು ನ್ಯಾಯ. ಗಾಳಿಯ ತೇವ ಹೆಚ್ಚಾಗಿದೆ, ಕೋರಿನ ಮೈ ಮೆತ್ತಗಾಗಿದೆ ಎಂಬ ಎರಡು ಕುರುಹುಗಳನ್ನು ಕೂಡಿಸಿದಾಗ ನಾನು ಒಂದೇ ಮಳೆಯನ್ನು ಎರಡು ಸಲ ಎಣಿಸಿದ್ದೆ. ಅಂಥ ಜೋಡಿಗಳನ್ನು ಹುಡುಕಿ ಒಂದೇ ನಿಯಮದೊಳಗೆ ಸೇರಿಸಬೇಕಾಯಿತು. ಯಾವ ಕಾರಣದ ವಿಶ್ವಾಸಾಂಕವೂ 0.2ನ್ನು ದಾಟದಿದ್ದರೆ ‘ಕಾರಣ ತಿಳಿಯಲಿಲ್ಲ’ ಎಂದು ಹೇಳಬೇಕೆಂದೂ ಬರೆದೆ. ಮೈಸಿನ್ ಕೂಡ ಒಂದು ಷರತ್ತು ನಿಜವೆಂದು ಒಪ್ಪಲು ಅದೇ ಮಿತಿಯನ್ನು ಬಳಸುತ್ತಿತ್ತು.

ಮೈಸಿನ್‌ನಿಂದ ತೆಗೆದುಕೊಂಡ ಮತ್ತೊಂದು ಗುಣ ‘ಯಾಕೆ’ ಎಂದು ಕೇಳುವ ಅವಕಾಶ. ವ್ಯವಸ್ಥೆ ಪ್ರಶ್ನೆ ಹಾಕಿದಾಗ, ಇದನ್ನು ಯಾಕೆ ಕೇಳುತ್ತಿದ್ದೀ ಎಂದು ತಿರುಗಿ ಕೇಳಿದರೆ, ತಾನು ಪರಿಶೀಲಿಸುತ್ತಿರುವ ನಿಯಮವನ್ನು ಅದು ಕನ್ನಡದಲ್ಲಿಯೇ ತೋರಿಸುತ್ತದೆ. ನಿಯಮಗಳಲ್ಲಿನ ತಪ್ಪುಗಳು ಬಹುಪಾಲು ಹೊರಬಿದ್ದದ್ದು ಇದರಿಂದಲೇ, ಏಕೆಂದರೆ ನಿಯಮವನ್ನು ಓದಿದ ಮೌಲ್ಡರ್ ಹುಡುಗರು ಅಲ್ಲಿಯೇ ತಕರಾರು ತೆಗೆಯುತ್ತಿದ್ದರು. ಮೈಸಿನ್‌ನ ಇನ್ನೊಂದು ಕಥೆ ಅಷ್ಟು ಉತ್ಸಾಹದ್ದಲ್ಲ. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಸಲಹೆಗಳು ತಜ್ಞ ವೈದ್ಯರ ಸಲಹೆಗಳಿಗೆ ಸರಿಗಟ್ಟಿದರೂ ಆಸ್ಪತ್ರೆಯ ನಿತ್ಯದ ಬಳಕೆಗೆ ಅದು ಬರಲೇ ಇಲ್ಲ; ಒಂದು ಪ್ರಕರಣದ ಪ್ರಶ್ನೋತ್ತರಕ್ಕೇ ಅರ್ಧ ಗಂಟೆಯಷ್ಟು ಹಿಡಿಯುತ್ತಿದ್ದುದೂ ಅದಕ್ಕೊಂದು ಕಾರಣ. ಕುಲುಮೆಯ ಬಿಸಿಯಲ್ಲಿ ನಿಂತವರು ಅಷ್ಟು ಹೊತ್ತು ಕಾಯುವವರಲ್ಲ. ಆದ್ದರಿಂದ ನಮ್ಮಲ್ಲಿ ಮೊದಲ ಪ್ರಶ್ನೆ ತೂತಿನ ಜಾಗ, ಎರಡನೆಯದು ಅದರ ಗೋಡೆ. ಹೆಚ್ಚಿನ ಪ್ರಕರಣಗಳು ಐದಾರು ಪ್ರಶ್ನೆಗಳಲ್ಲಿ ಮುಗಿಯುತ್ತವೆ.

ಈಚೆಗೆ ಹೊಸದಾಗಿ ಸೇರಿದ ಎಂಜಿನಿಯರೊಬ್ಬರು, ಇಷ್ಟೆಲ್ಲ ನಿಯಮಗಳನ್ನು ಬರೆಯುವ ಬದಲು ಹಳೆಯ ರಿಜೆಕ್ಷನ್ ರಿಜಿಸ್ಟರುಗಳನ್ನೇ ಕೊಟ್ಟು ಯಂತ್ರಕ್ಕೆ ಕಲಿಸಬಹುದಿತ್ತಲ್ಲವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಿಯಮಗಳು ಹೆಚ್ಚಿದಷ್ಟೂ ಅವನ್ನು ಸಾಕುವುದು ಕಷ್ಟ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1980ರಿಂದ ತನ್ನ ಕಂಪ್ಯೂಟರುಗಳ ಬಿಡಿಭಾಗಗಳನ್ನು ಹೊಂದಿಸಲು ಬಳಸಿದ ಎಕ್ಸ್‌ಕಾನ್ ಸಾವಿರಾರು ನಿಯಮಗಳಿಗೆ ಬೆಳೆದು, ಹೊಸ ಮಾದರಿ ಬಂದಾಗಲೆಲ್ಲ ತಿದ್ದುಪಡಿ ಬೇಡುತ್ತಿತ್ತು. ಆದರೆ ನಮ್ಮ ಹಳೆಯ ರಿಜಿಸ್ಟರುಗಳಲ್ಲಿ ಇದ್ದದ್ದು ದಿನಾಂಕ, ದೋಷದ ಹೆಸರು ಮತ್ತು ಸಂಖ್ಯೆ ಮಾತ್ರ. ನಾನು ಕೇಳದ ಪ್ರಶ್ನೆಯನ್ನು ರಿಜಿಸ್ಟರೂ ಕೇಳಿರಲಿಲ್ಲ. ಅದರಿಂದ ಕಲಿತ ಯಂತ್ರವೂ ಪ್ರತಿ ಜುಲೈನಲ್ಲಿ ಉಸುಕಿನ ನೀರನ್ನೇ ದೂರುತ್ತಿತ್ತು. ಈಗ ಪ್ರತಿ ಪುಟದಲ್ಲಿ ಎರಕದ ಸಣ್ಣ ಚಿತ್ರವೊಂದನ್ನು ಅಚ್ಚು ಹಾಕಿಸಿದ್ದೇವೆ. ತೂತು ಬಿದ್ದ ಜಾಗಕ್ಕೆ ಚುಕ್ಕೆ ಇಡಬೇಕು. ನಾಲ್ಕೈದು ವರ್ಷ ಕಳೆದ ಮೇಲೆ ಆ ಎಂಜಿನಿಯರರ ಸಲಹೆಯನ್ನು ಪ್ರಯತ್ನಿಸಬಹುದು.

ಕಳೆದ ಮಳೆಗಾಲದಲ್ಲಿ ಒಂದು ವಾಲ್ವಿನ ಎರಕದಲ್ಲಿ ತೂತುಗಳು ಕಂಡಾಗ ವ್ಯವಸ್ಥೆ ಎಲ್ಲ ಪ್ರಶ್ನೆಗಳನ್ನೂ ಕೇಳಿ, ಕಾರಣ ತಿಳಿಯಲಿಲ್ಲವೆಂದು ನಿಂತಿತು. ನಿವೃತ್ತರಾಗಿ ಹಳ್ಳಿಯಲ್ಲಿರುವ ಕಾಕಾಗೆ ಫೋನ್ ಮಾಡಿದೆ. ತೂತಿನ ಜಾಗವನ್ನು ನಾನೇ ಮೊದಲು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೋರಿನ ಕೆಳಗ ಕೊಡೂ ಚಾಪ್ಲೆಟ್ ನೋಡಿದ್ರೇನ್ರಿ? ತುಕ್ಕು ಹಿಡಿದಿರಬೇಕು” ಎಂದರು. ಚಾಪ್ಲೆಟ್ ಎಂದರೆ ಮೌಲ್ಡಿನೊಳಗೆ ಕೋರನ್ನು ಅದರ ಜಾಗದಲ್ಲಿ ಎತ್ತಿ ಹಿಡಿಯುವ ಸಣ್ಣ ಲೋಹದ ಆಸರೆ. ಹೋಗಿ ಡಬ್ಬಿ ತೆರೆದು ನೋಡಿದರೆ ಚಾಪ್ಲೆಟುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಚಾಪ್ಲೆಟಿನ ಬಗ್ಗೆ ನಮ್ಮ ಜ್ಞಾನಭಂಡಾರದಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಅಂದು ಸಂಜೆ ಮನೆಗೆ ಹೊರಡುವ ಮೊದಲು ಅದನ್ನು ಸೇರಿಸಿದೆ.