11 ಅಡಿ ಕೋಣೆ, ಎರಡು ಪುಟ್ಟ ಸ್ಪೀಕರ್

ನಿನ್ನೆ ಕಸ ಗುಡಿಸುವಾಗ ಬಲಗಡೆಯ ಸ್ಪೀಕರ್ ಸ್ಟ್ಯಾಂಡನ್ನು ನಾಲ್ಕು ಬೆರಳಷ್ಟು ಮುಂದಕ್ಕೆ ಎಳೆದವರು ಹಾಗೇ ಬಿಟ್ಟಿದ್ದರು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ರಾತ್ರಿ ಸಿಡಿ ಹಾಕಿದರೆ, ಎದುರಿಗೆ ನಟ್ಟ ನಡುವೆ ಕೂತು ಹಾಡಬೇಕಾದವಳು ಬಲಕ್ಕೆ ಸರಿದು ಕೂತಿದ್ದಾಳೆ. ನೆಲದ ಮೇಲೆ ಬಿಳಿ ಟೇಪಿನ ಗುರುತು ಅಂಟಿಸಿಟ್ಟಿದ್ದೇನೆ. ಸ್ಟ್ಯಾಂಡನ್ನು ಗುರುತಿಗೆ ಸರಿಯಾಗಿ ತಂದು ಕೂತೆ. ಅವಳೂ ತನ್ನ ಜಾಗಕ್ಕೆ ಬಂದಳು.

ಈ ಪುಟ್ಟ ಸ್ಟೀರಿಯೋ ಮನೆಗೆ ಬಂದು ಮೂರು ವರ್ಷ ಆಯಿತು. ಸಿಡಿ ಪ್ಲೇಯರ್, ಆಂಪ್ಲಿಫೈಯರ್, ಎಫ್‌ಎಂ, ಬ್ಲೂಟೂತ್ ಎಲ್ಲವೂ ಒಂದು ದಪ್ಪ ನಿಘಂಟಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿವೆ. ಜೊತೆಗೆ 28 ಸೆಂಟಿಮೀಟರ್ ಎತ್ತರದ ಎರಡು ಬುಕ್‌ಶೆಲ್ಫ್ ಸ್ಪೀಕರ್. ಕೋಣೆಯೂ ಚಿಕ್ಕದೇ, 11 ಅಡಿ ಉದ್ದ, 9 ಅಡಿ ಅಗಲ. ಮಂಚ, ಮೇಜು, ಬಟ್ಟೆಯ ಕಪಾಟು ಎಲ್ಲವೂ ಅದರಲ್ಲೇ.

ಇದಕ್ಕೆ ಮುಂಚೆ ಇದೇ ಕೋಣೆಯಲ್ಲಿ ಸೊಂಟದೆತ್ತರದ ಎರಡು ಸ್ಪೀಕರ್ ನಿಂತಿದ್ದವು. ಡಬ್ಬಿಯ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿತ್ತು. ಆ ಅಂಕಿ ನಂಬಿಯೇ ತಂದಿದ್ದೆ. ಪಿಎಂಪಿಒ ಅನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಶಕ್ತಿಯ ಲೆಕ್ಕ, ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೂ ಇಲ್ಲ. ಕೊಳ್ಳುವವರು ಕೇಳಬೇಕಾದದ್ದು ಎಡೆಬಿಡದೆ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ಎಷ್ಟು ಅಂತ. ಇದನ್ನು ಆಗ ನನಗೆ ಯಾರೂ ಹೇಳಲಿಲ್ಲ, ಆ ಬೇಸರ ಇನ್ನೂ ಹೋಗಿಲ್ಲ.

ಈಗಿನದ್ದು ಒಂದೊಂದು ಬದಿಗೆ ಬರೀ 20 ವ್ಯಾಟ್. "ಇಷ್ಟು ಸಾಕಾ?" ಅಂತ ನೋಡಿದವರೆಲ್ಲ ಕೇಳುತ್ತಾರೆ. ಸಾಕು, ಸಾಕಾಗಿ ಮಿಗುತ್ತದೆ. ನನ್ನ ಸ್ಪೀಕರಿನ ಸೆನ್ಸಿಟಿವಿಟಿ 84 ಡೆಸಿಬಲ್, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ನಾನು ಕೂರುವುದು ಒಂದೂವರೆ ಮೀಟರ್ ದೂರದಲ್ಲಿ. ದೂರಕ್ಕೆ ಮೂರ್ನಾಲ್ಕು ಡೆಸಿಬಲ್ ಹೋದರೂ ಸ್ಪೀಕರ್ ಎರಡಿರುವುದರಿಂದ ಹೆಚ್ಚುಕಮ್ಮಿ ಅಷ್ಟೇ ವಾಪಸು ಬರುತ್ತದೆ. ಆದರೆ ನಾನು ಕೇಳುವುದು 70ರ ಆಸುಪಾಸಿನಲ್ಲಿ, 14 ಡೆಸಿಬಲ್ ಕೆಳಗೆ. 10 ಡೆಸಿಬಲ್ ಇಳಿದರೆ ಬೇಕಾಗುವ ಶಕ್ತಿ ಹತ್ತರಲ್ಲಿ ಒಂದು ಪಾಲು, ಹಾಗಾಗಿ ಅದಕ್ಕೆ ಒಂದು ವ್ಯಾಟಿನ ಇಪ್ಪತ್ತೈದರಲ್ಲಿ ಒಂದು ಪಾಲು ಸಾಕು! ನಡುವೆ ಮೃದಂಗದ ಪೆಟ್ಟೊಂದು 20 ಡೆಸಿಬಲ್ ಮೇಲಕ್ಕೆ ಚಿಮ್ಮಿತು ಅಂದುಕೊಳ್ಳಿ. ಆಗ ಆ ಒಂದು ಕ್ಷಣ ನೂರು ಪಟ್ಟು ಶಕ್ತಿ ಬೇಕು, ಆದರೂ 4 ವ್ಯಾಟ್ ದಾಟುವುದಿಲ್ಲ. ಈ ಲೆಕ್ಕ ಹಾಕಿದ ದಿನದಿಂದ ವ್ಯಾಟಿನ ಚಿಂತೆ ಬಿಟ್ಟಿದ್ದೇನೆ.

ಚಿಂತೆ ಮಾಡಬೇಕಾದದ್ದು ಕೋಣೆಯ ಬಗ್ಗೆ. ದೊಡ್ಡ ಸ್ಪೀಕರ್ ಇದ್ದಾಗ ಬಾಸ್ ಗಿಟಾರಿನ ಒಂದೇ ಒಂದು ಸ್ವರ ಬಂದಾಗ ಕಿಟಕಿ ಗಾಜು ಸಮೇತ ಕೋಣೆಯೇ ಗುಂಯ್ ಅನ್ನುತ್ತಿತ್ತು. ಅದರ ಆಚೀಚಿನ ಸ್ವರಗಳು ಸುಮ್ಮನೆ ಹಾದು ಹೋಗುತ್ತಿದ್ದವು. ಸ್ಪೀಕರೇ ಕೆಟ್ಟಿದೆ ಅಂತ ಎರಡು ಸಲ ಬಿಚ್ಚಿಸಿ ನೋಡಿದ್ದೂ ಆಯಿತು. ಕೆಟ್ಟಿರಲಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನನ್ನ ಕೋಣೆಯ ಉದ್ದ 3.35 ಮೀಟರ್. ಅರ್ಧ ಅಲೆ ಆ ಎರಡು ಗೋಡೆಗಳ ನಡುವೆ ಅಳತೆಗೆ ಸರಿಯಾಗಿ ಕೂರುವುದು ಸೆಕೆಂಡಿಗೆ 51 ಸಲ ಕಂಪಿಸುವ ಸ್ವರದಲ್ಲಿ, ಅಂದರೆ 51 ಹರ್ಟ್ಜ್‌ನಲ್ಲಿ. ಆ ಸ್ವರ ಬಂದಾಗಲೆಲ್ಲ ಅಲೆ ಗೋಡೆಯಿಂದ ಗೋಡೆಗೆ ಬಡಿದು ತನ್ನನ್ನೇ ತಾನು ಬೆಳೆಸಿಕೊಳ್ಳುತ್ತದೆ. ಗೋಡೆಗೆ ಒರಗಿ ಕೂತರೆ ಅದು ಎದೆಗೆ ಗುದ್ದುತ್ತದೆ, ಕೋಣೆಯ ನಟ್ಟ ನಡುವೆ ನಿಂತರೆ ಮಾಯ. ಇದನ್ನು ನಂಬದವರು ಬಾಸ್ ಇರುವ ಒಂದು ಹಾಡು ಹಾಕಿ ಕೋಣೆಯ ಉದ್ದಕ್ಕೂ ನಿಧಾನವಾಗಿ ನಡೆದು ನೋಡಬೇಕು. ನಾನು ಹಾಗೆ ನಡೆದಾಗ ನಿಜವಾಗಿಯೂ ಮೈ ಜುಮ್ಮೆಂದಿತ್ತು.

ಪುಟ್ಟ ಸ್ಪೀಕರ್ ಇಲ್ಲಿ ಗೆಲ್ಲುತ್ತದೆ. 13 ಸೆಂಟಿಮೀಟರ್ ವೂಫರ್ (ಬಾಸ್ ನುಡಿಸುವ ಭಾಗ) 60 ಹರ್ಟ್ಜ್‌ಗಿಂತ ಕೆಳಗೆ ತಾನಾಗಿಯೇ ಸೋಲುತ್ತಾ ಹೋಗುತ್ತದೆ. ಅದು ಸೋಲುವ ಕಡೆಯೇ ಕೋಣೆ ಉಬ್ಬಿಸುವುದರಿಂದ ಒಂದು ಇನ್ನೊಂದನ್ನು ತುಂಬಿಕೊಡುತ್ತದೆ. ಅಷ್ಟಾದರೂ ಜಾಗ ಹುಡುಕುವ ಕೆಲಸ ತಪ್ಪಲಿಲ್ಲ. ಮೊದಲ ವಾರ ಗೋಡೆಗೆ ತಾಗಿಸಿ ಇಟ್ಟಿದ್ದೆ, ಬಾಸ್ ದಪ್ಪಗೆ, ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ದಿನಕ್ಕೊಂದು ಗೇಣಿನಂತೆ ಮುಂದಕ್ಕೆ ತಂದೆ. ಎರಡು ಅಡಿ ಈಚೆಗೆ ಬಂದಾಗ ತಂಬೂರಿಯ ನಾಲ್ಕು ತಂತಿಗಳೂ ಬಿಡಿಬಿಡಿಯಾಗಿ ಎದ್ದವು. ನನ್ನ ಕುರ್ಚಿ ಹಿಂದಿನ ಗೋಡೆಯಿಂದ ನಾಲ್ಕು ಅಡಿ ದೂರ. ಎರಡು ಸ್ಪೀಕರ್, ಒಂದು ತಲೆ ಸೇರಿ ಸಮಬಾಹು ತ್ರಿಕೋನ, ಟ್ವೀಟರ್ (ಏರುಸ್ವರ ನುಡಿಸುವ ಪುಟ್ಟ ಭಾಗ) ಕಿವಿಯ ಎತ್ತರಕ್ಕೆ. ಈ ಜಾಗಕ್ಕಾಗಿ ಮಂಚವನ್ನು ಅಡ್ಡ ತಿರುಗಿಸಿದ್ದೇನೆ.

ಆಗಲೂ ಒಂದು ತಪ್ಪು ಉಳಿದಿತ್ತು, ಅದು ತಿಳಿಯಲು ತಿಂಗಳು ಬೇಕಾಯಿತು. ಎಲ್ಲ ಸರಿಯಿದ್ದರೂ ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಡುವೆಯೂ ಇಲ್ಲ, ತಲೆಯ ಸುತ್ತ ಹೊಗೆಯ ಹಾಗೆ ಹರಡಿಕೊಂಡಿರುತ್ತಿತ್ತು. ಬಾಸ್ ಕೂಡ ಸಪ್ಪೆ. ಒಂದು ಭಾನುವಾರ ಹಳೆಯ ಮೋನೋ ಧ್ವನಿಮುದ್ರಣ ಹಾಕಿದೆ. ಮೋನೋ ಅಂದರೆ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸದ್ದು, ಅದು ನಡುವೆ ಒಂದು ಬಿಂದುವಿನಲ್ಲಿ ನಿಲ್ಲಲೇಬೇಕು. ಅದೂ ನಿಲ್ಲಲಿಲ್ಲ. ಟಾರ್ಚ್ ಹಿಡಿದು ಹಿಂದೆ ಬಗ್ಗಿ ನೋಡಿದರೆ ಎಡ ಸ್ಪೀಕರಿನಲ್ಲಿ ಕೆಂಪು ತಂತಿ ಕಪ್ಪು ಟರ್ಮಿನಲ್ಲಿಗೆ, ಕಪ್ಪು ತಂತಿ ಕೆಂಪಿಗೆ. ಒಂದು ವೂಫರ್ ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಾ, ಎರಡೂ ಒಂದರ ಬಾಸನ್ನು ಒಂದು ನುಂಗುತ್ತಿದ್ದವು. ತಂತಿ ಅದಲುಬದಲು ಮಾಡಿ ಪ್ಲೇ ಒತ್ತಿದೆ. ದನಿ ಎದ್ದು ಬಂದು ಎದುರಿನ ಖಾಲಿ ಗೋಡೆಯ ಮುಂದೆ ನಿಂತಿತು.

ಆಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಏನೋ ಇದು, ನಡುವೆ ಇನ್ನೊಂದು ಸ್ಪೀಕರ್ ತಂದೆಯಾ?" ಅಂದಳು. ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಎದ್ದು ಹೋಗಿ ಆ ಖಾಲಿ ಜಾಗದಲ್ಲಿ ಕೈಯಾಡಿಸಿ ತೋರಿಸಿದೆ. ಅವಳು ಏನೂ ಹೇಳಲಿಲ್ಲ, ಆ ಸಿಡಿ ಮುಗಿಯುವವರೆಗೂ ಎದ್ದೂ ಹೋಗಲಿಲ್ಲ.

ಇಲ್ಲದ ಕಡೆ ದನಿ ನಿಲ್ಲಿಸುವ ಈ ವಿದ್ಯೆಗೆ ಲಂಡನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್ಲೀನ್ ಪೇಟೆಂಟ್ ಅರ್ಜಿ ಹಾಕಿದ್ದು 1931ರ ಡಿಸೆಂಬರ್‌ನಲ್ಲಿ. ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬರುವಾಗ 1950ರ ದಶಕವೇ ಮುಗಿಯುತ್ತಾ ಬಂದಿತ್ತು. ಇನ್ನು ಸಣ್ಣ ಪೆಟ್ಟಿಗೆಯನ್ನು ಹಗುರವಾಗಿ ನೋಡುವವರಿಗೆ ನಾನು ಬಿಬಿಸಿಯ ಎಲ್‌ಎಸ್3/5ಎ ಕಥೆ ಹೇಳುತ್ತೇನೆ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವವರಿಗಾಗಿ ಅವರ ಎಂಜಿನಿಯರುಗಳು 1970ರ ದಶಕದಲ್ಲಿ ಮಾಡಿದ ಸ್ಪೀಕರ್ ಅದು. ಎತ್ತರ 30 ಸೆಂಟಿಮೀಟರ್, ವೂಫರ್ ಅಡ್ಡಳತೆ 11 ಸೆಂಟಿಮೀಟರ್. ವ್ಯಾನಿನಲ್ಲಿ ಜಾಗ ಇಲ್ಲ ಅಂತ ಹುಟ್ಟಿದ ಆ ಪೆಟ್ಟಿಗೆಯನ್ನು ಇವತ್ತಿಗೂ ಜನ ಹುಡುಕಿ ಕೊಳ್ಳುತ್ತಾರೆ, ಮುಖ್ಯವಾಗಿ ಮನುಷ್ಯರ ಕಂಠಕ್ಕಾಗಿ. ನನ್ನದು ಆ ಮಟ್ಟದ್ದಲ್ಲ, ವಂಶ ಮಾತ್ರ ಅದೇ ಅನ್ನಿಸುತ್ತದೆ.

ಬ್ಲೂಟೂತ್ ಇದೆ, ಅಡುಗೆ ಮಾಡುವಾಗ ಅದು ಸಾಕು. ಕೂತು ಕೇಳುವುದು ಮಾತ್ರ ಸಿಡಿ. ಬ್ಲೂಟೂತ್ ಸಂಗೀತವನ್ನು ಕುಗ್ಗಿಸಿ ಕಳಿಸುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಸೆಕೆಂಡಿಗೆ 44,100 ಸಲ ಅಳೆದು ತೆಗೆದ ಸದ್ದನ್ನು ಹಾಗೆಯೇ ಕೊಡುತ್ತದೆ. ಇದಕ್ಕಿಂತ ಮುಖ್ಯವಾಗಿ, ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಟ್ರೇಯಲ್ಲಿ ಇಟ್ಟಮೇಲೆ ಯಾವ ನೋಟಿಫಿಕೇಶನ್ನೂ ನಡುವೆ ಬಾಯಿ ಹಾಕುವುದಿಲ್ಲ.

ರಾತ್ರಿ ಹತ್ತರ ಮೇಲೆ ವಾಲ್ಯೂಮ್ ತೀರಾ ಕೆಳಗಿರುತ್ತದೆ. ಸದ್ದು ಇಳಿದಷ್ಟೂ ನಮ್ಮ ಕಿವಿಗೆ ಬಾಸ್ ಇನ್ನಷ್ಟು ಕಡಿಮೆ ಕೇಳುತ್ತದೆ. ಇದನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಲೌಡ್‌ನೆಸ್ ಎಂಬ, ಬಾಸ್ ಏರಿಸುವ ಗುಂಡಿ ಇರುವುದು ಆ ಹೊತ್ತಿಗಾಗಿ. ಹಗಲಲ್ಲಿ ಅದನ್ನು ಆನ್ ಮಾಡಿಟ್ಟು ಸಿಸ್ಟಮ್ಮಿಗೆ ಬಾಸ್ ಜಾಸ್ತಿ ಅಂತ ದೂರುವವರನ್ನು ಕಂಡಿದ್ದೇನೆ. ನಾನು ರಾತ್ರಿ ಒತ್ತುತ್ತೇನೆ, ಬೆಳಿಗ್ಗೆ ತೆಗೆಯುತ್ತೇನೆ.

ಈಗ ಉಳಿದಿರುವುದು ಎಡಗಡೆಯ ಗೋಡೆ. ಬಲಗಡೆ ಬಟ್ಟೆಯ ಕಪಾಟಿಗೆ ದಪ್ಪ ಪರದೆ ಇದೆ, ಎಡಕ್ಕೆ ಬರೀ ಗಾರೆ. ಚಪ್ಪಾಳೆ ತಟ್ಟಿದರೆ ಆ ಕಡೆಯಿಂದ ಸಣ್ಣಗೆ ಟ್ರ್‌ರ್ ಅಂತ ಮರುದನಿ ಬರುತ್ತದೆ. ಮೊನ್ನೆ ನಾನು ಕುರ್ಚಿಯಲ್ಲಿ ಕೂತು, ಅಮ್ಮನ ಕೈಗೆ ಕನ್ನಡಿ ಕೊಟ್ಟು, ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿಸಲು ಹೇಳಿದೆ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗದಲ್ಲೇ ಸದ್ದು ಗೋಡೆಗೆ ತಾಗಿ ನನ್ನ ಕಡೆಗೆ ತಿರುಗುವುದು. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇವೆ. ಹಜಾರದ ಪುಸ್ತಕದ ಕಪಾಟು ಈ ಶನಿವಾರ ಆ ಗುರುತಿನ ಮುಂದಕ್ಕೆ ಬರುತ್ತದೆ. ಪುಸ್ತಕಗಳನ್ನು ಒಂದೇ ಸಾಲಾಗಿ ಜೋಡಿಸಬೇಡ, ಹಿಂದೆ ಮುಂದೆ ಇಡು, ಸದ್ದು ಚದುರಬೇಕು ಅಂತ ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ.