ನೇತ್ರಾಣಿಗೆ ಡೈವಿಂಗ್ ಹೊರಟಿದ್ದೀರಾ? ಮೊದಲು ಮಾಸ್ಕ್ ನೋಡಿ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು ಹೋಗಿ ಬಂದೆ ಅಂದ ಮೇಲೆ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಸಾಮಾನೆಲ್ಲ ನಾವೇ ಕೊಂಡುಕೊಂಡು ಹೋಗಬೇಕಾ? ಬೇಡ. ಸುಮ್ನೆ ಒಂದು ಸಲ ನೀರಿನೊಳಗೆ ಇಳಿದು ಮೀನು ನೋಡಿ ಬರುವ ಆಸೆಯಾದರೆ ಟವೆಲ್ಲು, ಈಜುಡುಗೆ ಬಿಟ್ಟು ಏನೂ ಬೇಡ. ಎಲ್ಲವನ್ನೂ ಮುರುಡೇಶ್ವರದಲ್ಲೇ ಕೊಡುತ್ತಾರೆ. ನಾನು ಹೋಗಿದ್ದು ಓಪನ್ ವಾಟರ್ ಕೋರ್ಸಿಗೆ, ಅಂದರೆ ಡೈವಿಂಗ್ ಕಲಿಯುವವರ ಮೊದಲ ಕೋರ್ಸಿಗೆ. ಅದು ಮುಗಿದರೆ ಜೊತೆಗಾರರೊಬ್ಬರ ಸಂಗಡ 18 ಮೀಟರ್ ಆಳದವರೆಗೆ ಇಳಿಯಬಹುದು. ನೀವೂ ಅದೇ ಯೋಚನೆಯಲ್ಲಿದ್ದರೆ ಒಂದು ಮಾಸ್ಕ್ ಮಾತ್ರ ಸ್ವಂತದ್ದು ಇರಲಿ. ಮಿಕ್ಕದ್ದಕ್ಕೆ ಅವಸರವಿಲ್ಲ.

ಮಾಸ್ಕೇ ಯಾಕೆ? ಬಾಡಿಗೆ ಮಾಸ್ಕ್ ಹತ್ತಾರು ಮುಖ ಕಂಡಿರುತ್ತದೆ. ನಿಮ್ಮ ಮುಖಕ್ಕೆ ಅದು ಕೂರದಿದ್ದರೆ ನೀರು ಒಳಗೆ ಜಿನುಗುತ್ತಲೇ ಇರುತ್ತದೆ. ಮೀನು ನೋಡುವ ಬದಲು ಮಾಸ್ಕ್ ಖಾಲಿ ಮಾಡುವುದರಲ್ಲೇ ಅರ್ಧ ಡೈವ್ ಮುಗಿಯುತ್ತದೆ. ಈಜುಕೊಳದ ಕನ್ನಡಕ ಇದಕ್ಕೆ ನಡೆಯುವುದಿಲ್ಲ. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗಿ, ಗಾಜು ಮುಖಕ್ಕೆ ಒತ್ತಿಕೊಳ್ಳುತ್ತದೆ. ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಡಬೇಕು. ಈಜು ಕನ್ನಡಕದೊಳಗೆ ಮೂಗೇ ಇರುವುದಿಲ್ಲವಲ್ಲ! ಮುಖ ಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್‌ಗಳನ್ನೂ ಆನ್‌ಲೈನಲ್ಲಿ ನೋಡಿರುತ್ತೀರಿ. ಅವು ನೀರಿನ ಮೇಲೆ ತೇಲಲು ಮಾತ್ರ, ಡೈವಿಂಗ್‌ಗೆ ಅಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಪಟ್ಟಿಯನ್ನು ಹಾಕಿಕೊಳ್ಳಬೇಡಿ. ಹಣೆಯ ಕೂದಲು ಹಿಂದಕ್ಕೆ ಸರಿಸಿ, ಮಾಸ್ಕನ್ನು ಮುಖಕ್ಕೆ ಹಗುರವಾಗಿ ಇಟ್ಟು ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಳ್ಳಿ. ಉಸಿರು ಹಿಡಿದು ಕೈ ಬಿಡಿ. ಬೀಳದೆ ನಿಂತರೆ ಸರಿ. ಎಲ್ಲಿಂದಲಾದರೂ ಗಾಳಿ ನುಸುಳಿದರೆ ಮುಂದಿನದನ್ನು ತೆಗೆಯಿರಿ. ಆಮೇಲೆ ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಕಚ್ಚಿಕೊಂಡ ಹಾಗೆ ತುಟಿ ಮುಂದೆ ಮಾಡಿ ಇನ್ನೊಮ್ಮೆ ನೋಡಿ. ಎಷ್ಟೋ ಮಾಸ್ಕ್‌ಗಳು ಸೋಲುವುದು ಇಲ್ಲೇ. ಬೆರಳು ಹಾಕಿ ಎರಡೂ ಕಡೆಯಿಂದ ಮೂಗು ಹಿಂಡಲು ಬರುತ್ತದಾ ಅಂತಲೂ ನೋಡಿಕೊಳ್ಳಿ. ಇಳಿಯುವಾಗ ಕಟ್ಟಿದ ಕಿವಿ ಬಿಡಿಸಿಕೊಳ್ಳಲು ಪದೇಪದೇ ಹಿಂಡಬೇಕಾಗುತ್ತದೆ. ಗಾಜಿನ ಮೇಲೆ 'ಟೆಂಪರ್ಡ್' ಅಂತ ಬರೆದಿರಬೇಕು, ಅಂಚು ಮೆತ್ತನೆಯ ಸಿಲಿಕೋನ್ ಆಗಿರಬೇಕು. ಇಷ್ಟು ಸಿಕ್ಕಿದರೆ ಬ್ರ್ಯಾಂಡು, ಬಣ್ಣ ನಿಮ್ಮಿಷ್ಟ. ದುಬಾರಿ ಮಾಸ್ಕ್ ನಿಮ್ಮ ಮುಖಕ್ಕೆ ಕೂರದಿದ್ದರೆ ದಂಡವೇ.

ಮೀಸೆಯವರಿಗೊಂದು ಕಿವಿಮಾತು. ಅಂಚಿನಡಿ ಕೂದಲು ಸಿಕ್ಕಿದರೆ ನೀರು ಬಂದೇ ಬರುತ್ತದೆ. ಮೂಗಿನ ಕೆಳಗೆ ತೆಳ್ಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಸಾಕು. ನಮ್ಮ ದೋಣಿಯಲ್ಲಿ ಒಬ್ಬರು ಹುರಿ ಮೀಸೆಯವರಿದ್ದರು. ಆ ಗೆರೆಗೂ ಒಪ್ಪಲಿಲ್ಲ. ಡೈವ್ ಪೂರ್ತಿ ಮೂಗಿನಿಂದ ನೀರು ಊದಿ ಹಾಕುತ್ತಲೇ ಇದ್ದರು. ಮೀಸೆ ಮಾತ್ರ ಹಾಗೇ ಉಳಿಯಿತು.

ಕನ್ನಡಕ ಹಾಕುವವರು ಹೆದರಬೇಕಿಲ್ಲ. ನೀರಿನೊಳಗೆ ವಸ್ತುಗಳು ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ದೂರದ್ದು ಕಾಣಲು ಕಡಿಮೆ ಪವರಿನ ಕನ್ನಡಕ ಹಾಕುವವರಿಗೆ ಸಾದಾ ಗಾಜೇ ನಡೆಯುತ್ತದೆ. ಜಾಸ್ತಿ ಇದ್ದರೆ ಎರಡು ಗಾಜಿನ ಮಾಸ್ಕ್ ಕೊಳ್ಳಿ. ಅದಕ್ಕೆ ಮೈನಸ್ ಪವರಿನ ರೆಡಿಮೇಡ್ ಗಾಜು ಸಿಗುತ್ತದೆ.

ಹೊಸ ಮಾಸ್ಕ್ ತಂದವರು ಅದನ್ನು ನೇರ ಸಮುದ್ರಕ್ಕೆ ಒಯ್ಯಬೇಡಿ. ಕಾರ್ಖಾನೆಯ ಸಿಲಿಕೋನ್ ಪೊರೆ ಗಾಜಿನ ಮೇಲಿರುತ್ತದೆ, ಎಷ್ಟು ತೊಳೆದರೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಗಡೆ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಗಾಜಿಗೆ ಬೇರೆ ಕೋಟಿಂಗ್ ಇದ್ದರೆ ಮಾತ್ರ ಬೇಡ. ದೋಣಿಯಲ್ಲಿ ಇಳಿಯುವ ಮೊದಲು ಗಾಜಿನ ಒಳಗೆ ಉಗುಳು ಸವರಿ ತೊಳೆಯುವುದೇ ಅಲ್ಲಿನ ರೂಢಿ. ಅಸಹ್ಯ ಅನ್ನಿಸಿದರೆ ಒಂದು ಹನಿ ಬೇಬಿ ಶಾಂಪೂ ಒಯ್ಯಿರಿ.

ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ವಿಚಾರ ಚಿಕ್ಕದು. ಪಾದ ಪೂರ್ತಿ ಒಳಗೆ ಹೋಗುವುದು ಒಂದು ಬಗೆ, ಹಿಮ್ಮಡಿ ತೆರೆದು ಪಟ್ಟಿ ಹಾಕುವುದು ಇನ್ನೊಂದು. ಎರಡನೆಯದಕ್ಕೆ ಕಾಲಿಗೆ ಬೂಟಿ ಬೇಕು. ಬಾಡಿಗೆಯದೇ ಸಾಕು. ಬೂಟಿ ಮಾತ್ರ ಸ್ವಂತದ್ದಿದ್ದರೆ ಹಿಮ್ಮಡಿ ಉಜ್ಜಿ ಬೊಬ್ಬೆ ಏಳುವುದಿಲ್ಲ.

ಅಕ್ಟೋಬರಿನಿಂದ ಮೇವರೆಗೆ ಸೀಸನ್. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮುರುಡೇಶ್ವರದಿಂದ ದ್ವೀಪ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ವಾಂತಿ ಬರುವವರು ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ, ಅಲೆಯಲ್ಲಿ ನುಂಗಿದರೆ ಉಪಯೋಗವಿಲ್ಲ. ಖಾಲಿ ಹೊಟ್ಟೆಯೂ ಬೇಡ. ಇಡ್ಲಿ ಸಾಕು, ಬನ್ಸ್ ವಾಪಸ್ ಬಂದ ಮೇಲೆ. ನೀರು ಬೆಚ್ಚಗೇ ಇರುತ್ತದೆ, ಆದರೂ ಗಾಳಿಗಿಂತ ಬಹಳ ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈಗಂಟುವ ರಬ್ಬರಿನಂಥ ಉಡುಪು) ಸಾಕಾಗುತ್ತದೆ. ಹಾಕಿಕೊಳ್ಳಲು ಒದ್ದಾಡುವಷ್ಟು ಬಿಗಿ ಇರಲಿ, ಉಸಿರು ಕಟ್ಟುವಷ್ಟು ಬೇಡ. ಬೆನ್ನ ಹಿಂದೆ ಗಾಳಿ ತುಂಬಿದ ಚೀಲದ ಹಾಗೆ ಜಾಗ ಉಳಿದರೆ ಒಂದು ಸೈಜ್ ಚಿಕ್ಕದು ಕೇಳಿ. ಒಳಗೆ ಉದ್ದ ತೋಳಿನ ರಾಶ್‌ಗಾರ್ಡ್ (ತೆಳು ಈಜಂಗಿ) ಇದ್ದರೆ ಹಾಕಲು ಸಲೀಸು.

ರೆಗ್ಯುಲೇಟರ್, ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹೊಂದಿಸಿಕೊಳ್ಳುವ ಜಾಕೆಟ್) ಈಗಲೇ ಕೊಳ್ಳುವುದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ವರ್ಷಕ್ಕೆರಡು ಸಲ ನೀರಿಗಿಳಿಯುವವರು ಅದರ ಸರ್ವಿಸಿಂಗ್ ಎಲ್ಲಿ ಮಾಡಿಸುತ್ತಾ ಕೂರುವುದು? ಆದರೆ ಬಾಡಿಗೆಯದನ್ನು ಪರೀಕ್ಷಿಸಲು ಕಲಿಯಿರಿ. ಸಿಲಿಂಡರ್ ತೆರೆದ ಮೇಲೆ ಒತ್ತಡದ ಮೀಟರಿನ ಮುಳ್ಳು 200 ಬಾರ್ ಆಸುಪಾಸು ತೋರಿಸಬೇಕು. ಈಗ ಮೀಟರಿನ ಮೇಲೆ ಕಣ್ಣಿಟ್ಟುಕೊಂಡೇ ರೆಗ್ಯುಲೇಟರಿನಿಂದ ನಾಲ್ಕೈದು ಸಲ ಉಸಿರಾಡಿ. ಉಸಿರೆಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮತ್ತೆ ಏಳುತ್ತಿದ್ದರೆ ಸಿಲಿಂಡರಿನ ತಿರುಪು ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲೆ ಉಸಿರು ಸರಾಗ ಅನ್ನಿಸಿದರೂ ಆಳದಲ್ಲಿ ಗಾಳಿ ಸಾಲುವುದಿಲ್ಲ. ಗಾಳಿಗೆ ಎಣ್ಣೆಯ ವಾಸನೆ ಬಂದರೆ ಸಿಲಿಂಡರ್ ಬದಲಿಸಲು ಹೇಳಿ. ಹಳದಿ ಬಣ್ಣದ ಎರಡನೇ ರೆಗ್ಯುಲೇಟರಿನಿಂದಲೂ ಉಸಿರಾಡಿ ನೋಡಿ. ಜೊತೆಗಾರನಿಗೆ ಗಾಳಿ ಮುಗಿದಾಗ ಕೊಡುವುದು ಅದನ್ನೇ. ಬಿಸಿಡಿಯ ಬಟನ್ ಒತ್ತಿ ಉಬ್ಬಿಸಿ, ಎರಡು ನಿಮಿಷ ಬಿಟ್ಟು ನೋಡಿ, ಸೊರಗಿದ್ದರೆ ಬೇರೆ ಕೇಳಿ. ಹಿಂದೆ ಕ್ಯೂ ಇದೆ ಅಂತ ಸಂಕೋಚ ಬೇಡ. ಅವಸರ ಮಾಡಿಸುವ ಕಡೆ ನಾನಂತೂ ಇಳಿಯುವುದಿಲ್ಲ.

ಮಾಸ್ಕ್ ಆದ ಮೇಲೆ ಮುಂದಿನ ಖರ್ಚು ಯಾವುದು ಅಂದರೆ ಡೈವ್ ಕಂಪ್ಯೂಟರ್. ಕೈಗಡಿಯಾರದ ಹಾಗೆ ಕಟ್ಟಿಕೊಳ್ಳುವುದು. ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬರುವ ವೇಗ ಹೆಚ್ಚಾಯಿತಾ, ಎಲ್ಲ ಹೇಳುತ್ತದೆ. ಚಾಕು, ಬಣ್ಣದ ಟಾರ್ಚು ಇವೆಲ್ಲ ಫೋಟೋಗೆ ಚೆಂದ, ಅಷ್ಟೆ.

ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸಿ. ಬೆಂಗಳೂರಿನವರು ವಾಪಸ್ಸಿಗೆ ರಾತ್ರಿ ರೈಲು ಹಿಡಿಯುವುದು ಒಳ್ಳೆಯದು. ಮಂಗಳೂರಿಗೆ ಹೋಗಿ ವಿಮಾನ ಹತ್ತುವುದಾದರೆ, ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದವರು 18 ಗಂಟೆ ಬಿಟ್ಟು ಟಿಕೆಟ್ ಮಾಡಿಸಿ.