ಫೋಟೋ ತೆಗೆದವನು ಎಲ್ಲಿ ನಿಂತಿದ್ದ?

ನಾನು ಬೆಂಗಳೂರಿನಲ್ಲಿ ಹಳೇ ಫೋಟೋಗಳಿಗೆ ಕ್ಯಾಪ್ಷನ್ ಬರೆಯುವ ಕೆಲಸ ಮಾಡುತ್ತೇನೆ. ಹೊರದೇಶದ ಪ್ರಕಾಶಕರಿಗಾಗಿ ಸ್ಕ್ಯಾನ್ ಆಗಿ ಬರುವ ಚಿತ್ರಗಳು. ಯಾರು, ಎಲ್ಲಿ, ಯಾವಾಗ ಅಂತ ಮೂರ್ನಾಲ್ಕು ಸಾಲು ಬರೆದು ಕಳಿಸಬೇಕು. ಸೇರಿದ ಮೊದಲ ವರ್ಷವೇ ಎರಡನೇ ಮಹಾಯುದ್ಧದ ಫೋಲ್ಡರ್ ನನ್ನ ಪಾಲಿಗೆ ಬಂತು. ಹಡಗಿನಿಂದ ಸಣ್ಣ ದೋಣಿಗಳಲ್ಲಿ ಬಂದು ಸೈನಿಕರು ದಡಕ್ಕೆ ಇಳಿಯುವ ಚಿತ್ರಗಳೇ ಅದರಲ್ಲಿ ಜಾಸ್ತಿ.

ಒಂದರಲ್ಲಿ ಸೈನಿಕರು ನೀರಿನಿಂದ ದಡಕ್ಕೆ ಓಡಿಬರುತ್ತಿದ್ದರು. ಮುಖಗಳು ಸ್ಪಷ್ಟವಾಗಿದ್ದವು. ಹಿಂದೆ ದೋಣಿಯ ಬಾಗಿಲು ತೆರೆದಿತ್ತು. ಮಿತ್ರಪಡೆಗಳು ಫ್ರಾನ್ಸ್‌ನ ದಡಕ್ಕೆ ಇಳಿದ ದಿನದ್ದೇ ಇರಬೇಕು ಅಂದುಕೊಂಡು ‘ನಾರ್ಮಂಡಿ, 6 ಜೂನ್ 1944’ ಅಂತ ಬರೆದು ಮುಂದಿನದಕ್ಕೆ ಹೋದೆ. ಸಂಜೆ ನಮ್ಮ ಹಿರಿಯರು ಕರೆದರು. ಕಳಿಸುವ ಮುಂಚೆ ಎಲ್ಲವನ್ನೂ ಕೊನೇ ಸಲ ನೋಡುವವರು ಅವರೇ.

“ಇಲ್ಲಿ ಬಾಮ್ಮ. ಇದನ್ನ ತೆಗೆದವನು ಎಲ್ಲಿ ನಿಂತಿದ್ದ?”

“ದಡದ ಮೇಲೆ ಸರ್.”

“ಅಂದ್ರೆ ಇವರಿಗಿಂತ ಮೊದಲೇ ದಡಕ್ಕೆ ಬಂದು, ಗುಂಡು ಬರೋ ಕಡೆಗೆ ಬೆನ್ನು ಹಾಕಿ, ನೆಟ್ಟಗೆ ನಿಂತು ತೆಗೆದನಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಅದೇ ಪ್ರಿಂಟ್‌ನ ಹಿಂಬದಿಯ ಸ್ಕ್ಯಾನ್ ತೆರೆದರು. ಅಲ್ಲಿ ಟೈಪ್ ಮಾಡಿದ ಚೀಟಿ ಅಂಟಿಸಿತ್ತು. ಇಂಗ್ಲೆಂಡಿನ ಸ್ಲ್ಯಾಪ್ಟನ್ ಸ್ಯಾಂಡ್ಸ್ ಅಂತ ಬರೆದಿತ್ತು, ಅಂದರೆ ನಾರ್ಮಂಡಿ ದಾಳಿಗಾಗಿ ನಡೆಸಿದ ತಾಲೀಮಿನ ಫೋಟೋ. ಚೀಟಿಯ ಸ್ಕ್ಯಾನ್ ಫೋಲ್ಡರ್‌ನಲ್ಲೇ ಇತ್ತು, ನಾನು ತೆರೆದೇ ಇರಲಿಲ್ಲ. “ತಾಲೀಮು ಅಂತ ಹಗುರವಾಗಿ ನೋಡಬೇಡ” ಅಂದರು. 1944ರ ಏಪ್ರಿಲ್ 28ರಂದು ಅದೇ ದಡದ ಕಡೆ ತಾಲೀಮಿಗೆ ಬರುತ್ತಿದ್ದ ಹಡಗುಗಳ ಮೇಲೆ ಜರ್ಮನ್ ಟಾರ್ಪಿಡೊ ದೋಣಿಗಳು ಬಿದ್ದವು. 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು.

ಆಮೇಲೆ ಅವರು ಇನ್ನೊಂದು ಚಿತ್ರ ತೋರಿಸಿದರು. ಅದು ನಿಜಕ್ಕೂ ಜೂನ್ 6ರದು, ನಾರ್ಮಂಡಿಯ ಒಮಾಹಾ ತೀರದ್ದು. ತೆಗೆದವರು ಅಮೆರಿಕದ ಕೋಸ್ಟ್ ಗಾರ್ಡ್‌ನ ರಾಬರ್ಟ್ ಸಾರ್ಜೆಂಟ್. ‘ಸ್ಯಾಮ್ಯುಯಲ್ ಚೇಸ್’ ಹಡಗಿನಿಂದ ಹೊರಟ ದೋಣಿಯೊಳಗೆ ಅವರು ನಿಂತಿದ್ದಾರೆ. ಚಿತ್ರದ ಎರಡೂ ಬದಿಗೆ ದೋಣಿಯ ಗೋಡೆ. ಮುಂದಿನ ಬಾಗಿಲು ಆಗಷ್ಟೇ ಬಿದ್ದಿದೆ. ಸೈನಿಕರು ಸೊಂಟದವರೆಗಿನ ನೀರಿನಲ್ಲಿ ನಡೆಯುತ್ತಿದ್ದಾರೆ. ಬಂದೂಕಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿದ್ದಾರೆ. ದೂರದ ಗುಡ್ಡದ ಸಾಲು ಮಂಜು ಮಂಜು. ಕಾಣುವುದೆಲ್ಲ ಹೆಚ್ಚುಕಮ್ಮಿ ಬೆನ್ನುಗಳೇ. ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಆ ಬೆನ್ನುಗಳಲ್ಲಿ ಯಾರು ದಡ ಮುಟ್ಟಿದರು ಅನ್ನುವುದನ್ನು ಆ ಫೋಟೋ ಹೇಳುವುದಿಲ್ಲ.

ನೌಕಾಪಡೆಯ ಫೋಟೋಗಳಲ್ಲಿ ಬೆನ್ನೇ ಜಾಸ್ತಿ ಯಾಕೆ ಅಂತ ಆಗ ಅರ್ಥವಾಯಿತು. ದೋಣಿ ನೌಕಾಪಡೆಯದ್ದೋ ಕೋಸ್ಟ್ ಗಾರ್ಡ್‌ನದ್ದೋ ಆಗಿರುತ್ತದೆ. ಸುಮಾರು 36 ಅಡಿ ಉದ್ದದ ಪ್ಲೈವುಡ್ ದೋಣಿ, 36 ಜನ ಹಿಡಿಸುತ್ತಿದ್ದರು. ಅವರನ್ನು ಇಳಿಸಿ ತಕ್ಷಣ ಹಿಂದಕ್ಕೆ ಹೋಗಬೇಕು, ಮುಂದಿನ ಸರದಿಯವರು ಹಡಗಿನಲ್ಲಿ ಕಾಯುತ್ತಿರುತ್ತಾರೆ. ಫೋಟೋಗ್ರಾಫರ್ ಸಾಮಾನ್ಯವಾಗಿ ದೋಣಿಯ ಜೊತೆಗೇ ವಾಪಸ್ಸು. ಸೈನಿಕರು ಹೋಗುವುದಷ್ಟೇ ಅವನಿಗೆ ಕಾಣುತ್ತದೆ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ. ಅದೇ ಒಮಾಹಾದಲ್ಲಿ ಫೋಟೋ ತೆಗೆದ ರಾಬರ್ಟ್ ಕಾಪಾ ಪತ್ರಿಕೆಯವರು. ಅವರು ಸೈನಿಕರ ಜೊತೆ ನೀರಿಗಿಳಿದು ಹಿಂದಕ್ಕೆ ತಿರುಗಿ ತೆಗೆದಿದ್ದರಿಂದ ಮುಖ ಸಿಕ್ಕಿತು.

ಅಂದಿನಿಂದ ಮೊದಲು ಹಿಂಬದಿಯ ಚೀಟಿ, ನಂಬರ್ ನೋಡುತ್ತೇನೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 80-ಜಿ ಅಂದರೆ ನೌಕಾಪಡೆ, 26-ಜಿ ಅಂದರೆ ಕೋಸ್ಟ್ ಗಾರ್ಡ್, 111-ಎಸ್‌ಸಿ ಅಂದರೆ ಭೂಸೇನೆಯ ಸಿಗ್ನಲ್ ಕೋರ್. ಆಮೇಲೆ ಕ್ಯಾಮೆರಾ ಎಲ್ಲಿತ್ತು ಅಂತ ಹುಡುಕುತ್ತೇನೆ. ಅಮೆರಿಕದ ಜನರಲ್ ಮ್ಯಾಕಾರ್ಥರ್ ಫಿಲಿಪೀನ್ಸ್‌ನಲ್ಲಿ ನೀರಿನಲ್ಲಿ ನಡೆದು ಬರುವ ಎರಡು ಪ್ರಸಿದ್ಧ ಚಿತ್ರಗಳಿವೆ. 1944ರ ಅಕ್ಟೋಬರ್‌ನಲ್ಲಿ ಲೇಟೆಯಲ್ಲಿ ತೆಗೆದದ್ದು ಒಂದು, 1945ರ ಜನವರಿಯಲ್ಲಿ ಲುಝಾನ್‌ನಲ್ಲಿ ತೆಗೆದದ್ದು ಇನ್ನೊಂದು. ಒಂದರ ಕ್ಯಾಪ್ಷನ್ ಇನ್ನೊಂದಕ್ಕೆ ಬಿದ್ದಿರುವುದನ್ನು ನಾನೇ ನೋಡಿದ್ದೇನೆ.

ಕ್ಯಾಮೆರಾಗೆ ಕಾಣದ್ದು ಏನು ಅನ್ನುವುದೂ ಮುಖ್ಯ. ಪೆಸಿಫಿಕ್ ಸಾಗರದಲ್ಲಿ ಜಪಾನೀಯರ ಕೈಯಲ್ಲಿದ್ದ ತರಾವಾ ದ್ವೀಪದ ಮೇಲಿನ ದಾಳಿಗೆ ಮುಂಚೆ ಅಮೆರಿಕದ ‘ನಾಟಿಲಸ್’ ಸಬ್‌ಮರೀನ್ ನೀರೊಳಗಿದ್ದು ಪೆರಿಸ್ಕೋಪ್ ಮೂಲಕ ಇಡೀ ದಡದ ಫೋಟೋ ತೆಗೆದು ತಂದಿತ್ತು. ದಡದ ರೇಖೆ ಸಿಕ್ಕಿತು, ಹವಳದ ದಿಬ್ಬದ ಮೇಲೆ ಆ ದಿನ ಎಷ್ಟು ನೀರಿರುತ್ತದೆ ಅನ್ನುವುದು ಚಿತ್ರದಲ್ಲಿ ಹೇಗೆ ಸಿಗಬೇಕು? 1943ರ ನವೆಂಬರ್ 20ರಂದು ದೋಣಿಗಳು ಆ ದಿಬ್ಬ ದಾಟಲಾಗದೆ ನಿಂತವು. ಮರೀನ್ ಸೈನಿಕರು ಗುಂಡಿನ ನಡುವೆ ನೂರಾರು ಗಜ ನೀರಿನಲ್ಲೇ ನಡೆದರು. ತರಾವಾದ ಯಾವ ಚಿತ್ರ ಬಂದರೂ ನಾನು ಮೊದಲು ನೋಡುವುದು ನೀರು ಎಲ್ಲಿಯವರೆಗಿದೆ ಅಂತ.

ಹೋದ ತಿಂಗಳು ಬರ್ಮಾದ ರಾಮ್ರಿ ದ್ವೀಪದ ಚಿತ್ರ ಬಂತು. 1945ರ ಜನವರಿ 21ರಂದು ಅಲ್ಲಿ ಇಳಿದದ್ದು 26ನೇ ಇಂಡಿಯನ್ ಡಿವಿಷನ್, ನಮ್ಮ ಜನ. ಚೀಟಿಯಲ್ಲಿ ‘ಭಾರತೀಯ ಪಡೆಗಳು’ ಅಂತ ಮಾತ್ರ ಇತ್ತು. ಇದರಲ್ಲೂ ಬೆನ್ನುಗಳೇ. ಒಬ್ಬ ಮಾತ್ರ ಕಾಲಿಡುವ ಮುಂಚೆ ತಲೆ ತಗ್ಗಿಸಿ ನೀರನ್ನು ನೋಡುತ್ತಿದ್ದಾನೆ. ತಾರೀಖು, ಜಾಗ, ಡಿವಿಷನ್ ಬರೆದೆ. ‘ದೋಣಿಯೊಳಗಿನಿಂದ ತೆಗೆದದ್ದು’ ಅಂತ ಸೇರಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟು ಹಿರಿಯರಿಗೆ ಕಳಿಸಿದೆ. ಅವರು ಅದನ್ನು ಹಾಗೇ ಬಿಟ್ಟರು.